ಅಲ್ಲಾಡುವ ಕಾಲಿನ ಸಮಾಜಶಾಸ್ತ್ರ

ನನ್ನ ಬಲಗಾಲಿಗೆ ಸುಮ್ಮನೆ ಕೂರುವ ಸಂಸ್ಕಾರವಿಲ್ಲ. ಉಳಿದ ಅಂಗಾಂಗಗಳು ಪದ್ಮಾಸನಕ್ಕೆ ಸಿದ್ಧವಾಗಿದ್ದರೂ ಅದೊಂದು ಮಾತ್ರ ಹೊಲಿಗೆ ಯಂತ್ರ ತುಳಿಯುವವರ ಕಾಲಿನಂತೆ ಅಲ್ಲಾಡುತ್ತಲೇ ಇರುತ್ತದೆ. ಮನೆಗೆ ದರಿದ್ರ ಬರುತ್ತದೆಂದು ಅವ್ವ ಬೈದು ಬೈದು ದಣಿದಳು. ದರಿದ್ರವು ಮೊದಲೇ ಬಂದು ಬೀಡುಬಿಟ್ಟಿದ್ದರಿಂದ ಕಾಲಿಗೆ ಅದರ ಭಯವಿರಲಿಲ್ಲ.

ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದ ಮೇಲೆ ಈ ಚಾಂಚಲ್ಯ ಇಮ್ಮಡಿಸಿತು. ಫ್ರಾನ್ಸಿನ ಪಂಡಿತನೊಬ್ಬ, ಸಮಾಜವು ವ್ಯಕ್ತಿಯ ಹೊರಗೇ ನಿಂತು ಅವನ ಕುತ್ತಿಗೆ ಹಿಡಿದು ನಡೆಸುತ್ತದೆ ಎನ್ನುತ್ತಿದ್ದ. ಜರ್ಮನಿಯ ಇನ್ನೊಬ್ಬ, ಮನುಷ್ಯನ ಕ್ರಿಯೆ ತಿಳಿಯಬೇಕಾದರೆ ಅದಕ್ಕೆ ಅವನು ಕೊಡುವ ಅರ್ಥವನ್ನು ಮೊದಲು ತಿಳಿ ಎನ್ನುತ್ತಿದ್ದ. ಇಬ್ಬರ ನಡುವೆ ನನ್ನ ನಿದ್ರೆ ಹಾರಿಹೋಗಿತ್ತು. ರಜೆಗೆ ಬೆಲ್ಲದ ಬಾಗೇವಾಡಿಗೆ ಬಂದರೆ ನಮ್ಮ ಕಾಕಾನದು ಮೂರನೆಯ ಸಿದ್ಧಾಂತ: “ಸಮಾಜದಾಗ ಇರೋದನ್ನ ಕಲಿಯಾಕ ಧಾರವಾಡಕ್ಕ ಯಾಕ ಹೋಗಬೇಕೋ ತಮ್ಮಾ?”

ಪರೀಕ್ಷೆ ಸಮೀಪಿಸಿದಾಗಲೇ ಈ ಕಾಕಾ ನನ್ನನ್ನು ಕನ್ಯಾ ನೋಡಲು ಹೊರಡಿಸಿದ. ಹುಕ್ಕೇರಿಯಲ್ಲಿ ಬಸ್ಸು ಹಿಡಿದು, ಗೋಕಾಕದಲ್ಲಿ ಬದಲಿಸಿ, ಧೂಳಿನಲ್ಲಿ ಮಿಂದು ಮಸಗುಪ್ಪಿ ತಲುಪುವವರೆಗೂ ನಾನು ಪುಸ್ತಕ ಬಿಡಲಿಲ್ಲ, ಮದುವೆಯ ಮನಸ್ಸೂ ಮಾಡಲಿಲ್ಲ. ಹುಡುಗಿ ನೀಲವ್ವ ಅವಲಕ್ಕಿಯ ತಾಟು ತಂದಿಟ್ಟು ಎದುರಿಗೆ ಕುಳಿತಳು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಪ್ರಶ್ನೆ ಕೇಳುವುದು ಹಿರಿಯರು, ಉತ್ತರ ಹೇಳುವುದು ಹುಡುಗಿ. ವರನೆಂಬ ಪ್ರಾಣಿ ಬಾಯಿ ತೆರೆಯಬೇಕಾದದ್ದು ಅವಲಕ್ಕಿಗೆ ಮಾತ್ರ.

“ಸೂಜಿ ಪೋಣಿಸಾಕ ಬರತೈತೇನವ್ವಾ?” ಎಂದ ಕಾಕಾ, ಗಂಭೀರವಾಗಿ.

“ದಾರ ಇದ್ರ ಬರತೈತ್ರಿ” ಎಂದಳು ಆಕೆ, ಅಷ್ಟೇ ಗಂಭೀರವಾಗಿ.

ಅಬ್ಬಾ! ಕೆಟ್ಟೆ ನಾನು! ಇವಳೇ ಆಗಬೇಕು, ಬೇರೆ ಯಾರೂ ಬೇಡ ಎಂದು ಎದೆ ಡವಗುಟ್ಟಿತು. ಎದೆಯ ಸುದ್ದಿ ಕಾಲಿಗೆ ತಲುಪಿ, ಅವಲಕ್ಕಿಯ ತಾಟು ಸಹ ನಡುಗತೊಡಗಿತು.

ಹುಡುಗಿಯ ಅಪ್ಪ ನನ್ನ ಮೊಣಕಾಲನ್ನೇ ದಿಟ್ಟಿಸಿ ನೋಡಿದರು. ಮಗಳನ್ನು ಒಳಗೆ ಕಳಿಸಿ, ಸಪ್ಪೆ ಮುಖದಿಂದ, “ಹುಡುಗಗ ಹೋಗೂ ಅವಸರ ಐತಿ ಅಂತ ಕಾಣತೈತಿ. ಇರಲಿ, ಊರಿಗಿ ಹೋಗಿ ತಿಳಸ್ರಿ” ಎಂದರು. ತಾನೇನೂ ಕಡಿಮೆಯಿಲ್ಲವೆಂಬಂತೆ ಕಾಕಾ, “ಆತ್ರಿ, ತಿಳಸ್ತೀವಿ” ಎಂದು ರುಮಾಲು ಸರಿಪಡಿಸಿಕೊಂಡ. ಓದುಗ ಮಹಾಶಯರೇ, ನಮ್ಮ ಕಡೆ ‘ತಿಳಸ್ತೀವಿ’ ಎಂದರೆ ಮುಗಿಯಿತು, ಆ ಸಂಬಂಧ ಅಲ್ಲಿಗೇ ಬಿಟ್ಟಂತೆ. ಅವರಿಗೂ ಮನಸ್ಸಿತ್ತು, ನಮಗೂ ಮನಸ್ಸಿತ್ತು. ಆದರೂ ಯಾರಿಗೂ ಬೇಡವಾದ ನಿರಾಕರಣೆಯೊಂದು ಇಬ್ಬರು ಹಿರಿಯರ ಮರ್ಯಾದೆಯೊಳಗಿಂದ ಎದ್ದು ಬಂದು ನಡುಮನೆಯಲ್ಲಿ ನಿಂತಿತ್ತು. ಕುತ್ತಿಗೆಯ ಮೇಲೆ ಕೈಯಿಡುವ ಸಮಾಜವನ್ನು ನಾನು ಮೊದಲ ಬಾರಿಗೆ ಕಣ್ಣಾರೆ ಕಂಡೆ. ಕಾಕಾ ಆಗಲೇ ಮೆಟ್ಟು ಹುಡುಕುತ್ತಿದ್ದ.

ಇನ್ನು ಸುಮ್ಮನಿದ್ದರೆ ಜನ್ಮಪೂರ್ತಿ ಹಲುಬುವುದೇ ಗತಿ ಎನಿಸಿ, ಎದ್ದು ನಿಂತು ಒದರಿದೆ: “ತಿಳಸೂದೇನೂ ಇಲ್ರಿ! ನನಗ ಮನಸೈತಿ. ಈ ಕಾಲು ಹುಟ್ಟಿದಾಗಿಂದ ಹಿಂಗ ಐತಿ!”

ವರನೇ ಮಾತಾಡಿದ ಅನರ್ಥಕ್ಕೆ ಕಾಕಾ ಕಣ್ಣು ಮುಚ್ಚಿಕೊಂಡ. ಹುಡುಗಿಯ ಅಪ್ಪ ಬಿಟ್ಟ ಬಾಯಿ ಮುಚ್ಚಲಿಲ್ಲ. ಅಷ್ಟರಲ್ಲಿ ಅಡಿಗೆಮನೆಯಿಂದ ದನಿ ಬಂತು: “ಅಪ್ಪಾ, ಚಾ ಇಟ್ಟೇನಿ. ಕುಂದ್ರಾಕ ಹೇಳು ಅವರಿಗೆ.”

ಕೂತೆ. ಪರೀಕ್ಷೆಯಲ್ಲಿ ಹೇಗೋ ಪಾಸಾದೆ, ಮೇಷ್ಟ್ರಾದೆ. ಫ್ರಾನ್ಸಿನವನ ಮಾತನ್ನು ಈಗಲೂ ಪಾಠ ಹೇಳುತ್ತೇನೆ. ಜರ್ಮನಿಯವನದನ್ನು ಹೇಳುವಾಗ ಮಾತ್ರ ಮಸಗುಪ್ಪಿಯಲ್ಲಿ ನಡುಗಿದ ಅವಲಕ್ಕಿಯ ತಾಟನ್ನೇ ಉದಾಹರಣೆ ಕೊಡುತ್ತೇನೆ.

ಮೊನ್ನೆ ಕಟ್ಟೆಯ ಮೇಲೆ ಕೂತು ಏನೋ ಓದುತ್ತಾ ಮೈಮರೆತಿದ್ದೆ. ನೀಲವ್ವ ಒಳಗಿನಿಂದ ದಡಬಡಿಸಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು. “ಯಾಕ್ರಿ, ಕಾಲು ಸುಮ್ಮನಾಗೇತಲ್ಲ? ಮೈಯಾಗ ಆರಾಮ ಇಲ್ಲೇನು?”

ನಾನು ಬಲಗಾಲನ್ನು ಸ್ವಲ್ಪ ಅಲ್ಲಾಡಿಸಿದೆ. ಆಕೆ ಸಮಾಧಾನದಿಂದ ಒಳಗೆ ಹೋದಳು.