ಮೇಲಿನ ಸಾಲಿಗೆ ನಾವು ಸುಮ್ಮನಾದೆವು

ಅಂದು ಮಾಧವರಾಯರ ದನಿ ಎಲ್ಲರೆದುರು ಒಡೆದದ್ದು ಆಕಸ್ಮಿಕವಲ್ಲ. ಒಡೆಯುವಂತೆ ಮಾಡಿದವನು ನಾನು. ಅದು ಒಡೆಯುತ್ತದೆಂದು ನನಗೆ ಮೊದಲೇ ಗೊತ್ತಿತ್ತು — ಈ ಎರಡನೆಯ ಮಾತನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ಮಾಧವರಾಯರು ಹುಬ್ಬಳ್ಳಿಯಲ್ಲಿ ಮುಕ್ಕಾಂ ಮಾಡಿದ್ದ ನಾಟಕ ಕಂಪನಿಯ ನಾಯಕಿ. ಗಂಡಸರೇ ಸೀರೆಯುಟ್ಟು ಹಾಡುವ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಆದರೆ ಮಾತಾಡುವ ಸಿನಿಮಾ, ಟಾಕಿ, ಬಂದಿತ್ತು, ಬೇರೆ ಕಂಪನಿಗಳು ಹೆಣ್ಣುಮಕ್ಕಳನ್ನೇ ರಂಗಕ್ಕೆ ತರುತ್ತಿದ್ದವು, ರಾಯರಿಗೆ ನಾಲ್ವತ್ತು ಸಮೀಪಿಸಿತ್ತು. ಕಂಪನಿಯಲ್ಲಿ ಕಾಲಿನಿಂದ ತುಳಿದು ಗಾಳಿ ತುಂಬುವ ಆರ್ಗನ್ ನುಡಿಸುತ್ತಿದ್ದವರು ನಮ್ಮ ಅಣ್ಣೂ ಕಾಕಾ, ಅಪ್ಪನ ತಮ್ಮ.

ಆ ಕಂಪನಿಯಲ್ಲೊಂದು ಪದ್ಧತಿಯಿತ್ತು. ಮುಕ್ಕಾಮಿನ ಕೊನೆಯ ರಾತ್ರಿ ನಾಟಕ ಮುಗಿದ ಮೇಲೆ ಆರ್ಗನ್ನನ್ನು ರಂಗದಿಂದ ಕೆಳಗಿಳಿಸಿ, ಸುತ್ತ ಚಾಪೆ ಹಾಸುತ್ತಿದ್ದರು. ನಟರು ಬಣ್ಣ ತೊಳೆದು ಬರುವರು, ಮನೆಗೆ ಹೋಗಲೊಲ್ಲದ ರಸಿಕರು ಉಳಿಯುವರು. ಚಹಾ, ಚುರಮುರಿ, ಆ ಮುಕ್ಕಾಮಿನ ಪದಗಳೆಲ್ಲ ಎಲ್ಲರ ಬಾಯಲ್ಲಿ. ಪದ ಮೇಲಕ್ಕೇರುವ ಸಾಲು ಬಂದಾಗ ಮಾಧವರಾಯರು ಎರಡೂ ಕೈ ಎತ್ತಿ ಅದನ್ನು ಜನಕ್ಕೆ ಬಿಟ್ಟುಕೊಡುತ್ತಿದ್ದರು. ಜನ ಅದನ್ನು ಪ್ರೀತಿಯೆಂದು ತಿಳಿದಿದ್ದರು.

ಆ ಸಲದ ಕೊನೆಯ ರಾತ್ರಿಗೆಂದು ಧಾರವಾಡದಿಂದ ನಾವು ಆರು ಮಂದಿ ಕಾಲೇಜಿನ ಹುಡುಗರು ಸಂಜೆಯ ರೈಲುಗಾಡಿಗೆ ಹೊರಟಿದ್ದೆವು. ಮಾಳಮಡ್ಡಿಯ ನಮ್ಮ ನೆರೆಮನೆಯ ಗುಂಡೂ ಜೊತೆಗಿದ್ದ. ಚರ್ಚಾಕೂಟದಲ್ಲಿ ದೇವರನ್ನು ನಾನು ಎಷ್ಟು ಸಲ ಸೋಲಿಸಿದ್ದೆನೋ ಅಷ್ಟೂ ಸಲ ಅವನು ದೇವರ ಪರವಾಗಿ ನಿಂತಿದ್ದ. ಆ ದಿನ ಗಾಡಿಯಲ್ಲೂ ಅದೇ. ರಾಯರ ಆ ಮೇಲಿನ ಸಾಲಿಗೆ ತನ್ನ ಕಣ್ಣು ತುಂಬುತ್ತದೆ, ದೇವರಿದ್ದಾನೆನ್ನಲು ಅದಕ್ಕಿಂತ ಬೇರೆ ಸಾಕ್ಷಿ ಏನು ಬೇಕು ಎಂದ. ಅದು ಅವರ ದನಿಯೇ ಅಲ್ಲ, ಜನರ ಗದ್ದಲ — ನಿನ್ನ ಗಂಟಲಿಗೆ ನೀನೇ ಅಳುತ್ತೀ ಎಂದೆ ನಾನು. ಉಳಿದವರು ನಕ್ಕರು. ಆದರೆ ಅದು ನನ್ನ ಊಹೆ ಮಾತ್ರ. ಕೈಯಲ್ಲಿ ಪುರಾವೆ ಇರಲಿಲ್ಲ.

ಪುರಾವೆ ಕೊಟ್ಟವರು ಕಾಕಾ. ನಾಟಕ ಮುಗಿದದ್ದೇ ನನ್ನನ್ನು ಬದಿಗೆ ಕರೆದರು.

"ಮಾಧವಗ ಮ್ಯಾಲಿನ ಷಡ್ಜ ಈಗ ಹತ್ತೂದಿಲ್ಲೋ ತಮ್ಮಾ. ರಂಗದ ಮ್ಯಾಲೆ ನಾ ಆರ್ಗನ್ನಿನಾಗ ಮುಚ್ಚತೇನಿ, ಚಾಪಿ ಮ್ಯಾಲೆ ಎಲ್ಲಾರೂ ಮಗ್ಗಲಿಗೇ ಕುಂತಾಗ ಹೆಂಗ ಮುಚ್ಚಲಿ? ಇವತ್ತ ಮಾಲಕರು ಕೂಡಾಕ ಬರ್ತಾರ. ಇವನ್ನ ಮುಂದ ಇಟ್ಕೋಬೇಕೋ ಬ್ಯಾಡೋ ಅಂತ ನೋಡಾಕತ್ತಾರ. ನಿನ್ನ ದೋಸ್ತರನ್ನ ಮುಂದ ಕೂಡಸು, ಜೋರ್ ದನಿ ಕೊಡ್ರಿ."

ಆಗಲಿ ಎಂದೆ. ದೋಸ್ತರನ್ನು ಮುಂದೆಯೇ ಕೂರಿಸಿದೆ. ಗುಂಡೂನನ್ನು ಬಿಟ್ಟು ಉಳಿದವರ ಕಿವಿಯಲ್ಲಿ ಹೇಳಿದೆ — ನಾನು ಅಂಗೈ ಮಗುಚಿದೊಡನೆ ಬಾಯಿ ಮುಚ್ಚಬೇಕು, ಒಂದು ಪ್ರಯೋಗ. ಗುಂಪಿನ ಹಾಡಿಗೆ ಆಧಾರ ಮುಂದೆ ಕುಳಿತವರ ದನಿ. ಅವರು ಹಾಡು ನಿಲ್ಲಿಸಿದರೆ ಹಿಂದಿನವರು ತಾವೇ ತಪ್ಪಿದೆವೆಂದು ನಿಲ್ಲಿಸುತ್ತಾರೆ. ನನ್ನ ಲೆಕ್ಕ ಸರಿಯಿತ್ತು. ಅದು ಸರಿಯಿತ್ತೆಂಬುದೇ —

ಪದ ಏರಿತು. ರಾಯರು ಕೈ ಎತ್ತಿದರು. ನಾನು ಅಂಗೈ ಮಗುಚಿದೆ.

ಇಡೀ ಚಾಪೆ ಸುಮ್ಮನಾಯಿತು. ಎತ್ತಿದ ಕೈ ಹಾಗೆಯೇ ಇಟ್ಟುಕೊಂಡು ರಾಯರು ಆ ಸಾಲನ್ನು ಒಬ್ಬರೇ ಹಿಡಿಯಲು ಹೋದರು. ಅಲ್ಲಿ ದನಿ ಇರಲಿಲ್ಲ. ಒಣ ಹಂಚು ಸೀಳಿದಂಥ ಒಂದು ಸದ್ದು, ಆಮೇಲೆ ಬರೀ ಗಾಳಿ. ಕಾಕಾ ಎರಡೂ ಕಾಲಿನಿಂದ ಆರ್ಗನ್ ತುಳಿದರು; ಆ ಸ್ವರವನ್ನು ಪೆಟ್ಟಿಗೆಯೇ ಹಾಡಿತು. ಆಗ ನನಗೇನಾಯಿತೋ — ನಾನೂ ದನಿಯೆತ್ತಿದೆ. ತಡವಾಗಿ, ಬೇಸುರಾಗಿ, ಒಬ್ಬನೇ. ಮಾಲಕರು ಚಹಾದ ಬಟ್ಟಲನ್ನು ಕೆಳಗಿಟ್ಟು ಎದ್ದುಹೋದರು.

ಮರಳಿ ಬರುವಾಗ ಗುಂಡೂ ಕಿಟಕಿಗೆ ತಲೆಯಾನಿಸಿದ್ದ. "ಗೆದ್ದೀ ಬಿಡು" ಎಂದಷ್ಟೇ ಅಂದ. ನಾನು ಊಹಿಸಿ ಗೆದ್ದೆನೆಂದು ಅವನು ಇಂದಿಗೂ ತಿಳಿದಿದ್ದಾನೆ. ಕಂಪನಿ ಮುಂದಿನ ಊರಿಗೆ ಹೋದಾಗ ಮಾಧವರಾಯರು ಅದರೊಡನೆ ಹೋಗಲಿಲ್ಲ.

ವರ್ಷಗಳಾದವು. ಕಾಕಾನೂ ಕಂಪನಿ ಬಿಟ್ಟು ನಮ್ಮ ಮನೆಯಲ್ಲೇ ಇದ್ದಾರೆ. ಮಕ್ಕಳಿಗೆ ಪದ ಹೇಳಿಕೊಟ್ಟು ಬದುಕುವ ರಾಯರು ಗುರುವಾರದ ಸಂಜೆ ಬರುತ್ತಾರೆ. ಮೊದಲ ಸಲ ಬಂದಾಗ ಅವರು ನನ್ನ ತಾಯಿಗೆ ಹೇಳಿದರು:

"ವೈನಿ, ಆ ರಾತ್ರಿ ಎಲ್ಲಾರೂ ನನ್ನ ಕೈ ಬಿಟ್ರು ನೋಡ್ರಿ. ನಿಮ್ಮ ಮಗಾ ಒಬ್ಬಾವ ನನ್ನ ಕೂಡ ಹಾಡಿದ."

ನಾನು ತಲೆ ತಗ್ಗಿಸಿದೆ. ಅದನ್ನು ವಿನಯವೆಂದುಕೊಂಡು ಕಾಕಾ ಬೆನ್ನು ತಟ್ಟಿದರು. ದನಿ ಒಡೆಯಿಸಿದ್ದು ಒಂದು ತಪ್ಪು. ಆ ಮೆಚ್ಚುಗೆಯನ್ನು ಬೆನ್ನಿನ ಮೇಲೆ ಇಟ್ಟುಕೊಂಡದ್ದು ಇನ್ನೊಂದು. ಎಳೆತನವೆಂದು ನನ್ನ ಪರ ವಾದಿಸಬಲ್ಲೆ — ಚೆನ್ನಾಗಿಯೇ ವಾದಿಸಬಲ್ಲೆ. ವಾದಿಸುವುದಿಲ್ಲ. ಕಾಕಾ ನಂಬಿ ಹೇಳಿದ್ದರು, ಒಬ್ಬ ಮನುಷ್ಯನ ಅನ್ನ ಅದರಲ್ಲಿತ್ತು, ಎರಡೂ ನನಗೆ ಗೊತ್ತಿತ್ತು.

ಈಗಲೂ ಗುರುವಾರ ಕಾಕಾ ತಮ್ಮ ಹಾರ್ಮೋನಿಯಂ ಪೆಟ್ಟಿಗೆ ತೆಗೆಯುತ್ತಾರೆ. ರಾಯರು ತಗ್ಗಿನ ಸ್ವರಗಳಲ್ಲಿ ಹಾಡುತ್ತಾ ಬಂದು, ಆ ಸಾಲು ಬಂದಾಗ ಎರಡೂ ಕೈ ಎತ್ತಿ ಅದನ್ನು ನನಗೆ ಬಿಡುತ್ತಾರೆ. ನನ್ನ ಕಡೆ ನೋಡುವುದೂ ಇಲ್ಲ; ಅಷ್ಟು ನಂಬಿಕೆ. ನಾನು ಹಾಡುತ್ತೇನೆ.

ಈ ಗುರುವಾರ ಪೆಟ್ಟಿಗೆ ತೆಗೆಯುವ ಮೊದಲೇ ಇಬ್ಬರಿಗೂ ಹೇಳುತ್ತೇನೆ. ಆಮೇಲೆ ರಾಯರು ಹಾಡಲಿಕ್ಕಿಲ್ಲ. ಹಾಡಿದರೂ ಆ ಸಾಲನ್ನು ನನಗೆ ಬಿಡಲಿಕ್ಕಿಲ್ಲ.