ಏಳು ಅಕ್ಷರ, ಮೂರನೆಯದು ಟಿ

ನಮ್ಮ ಮನೆಯವರು ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಎಂಬತ್ತರ ಆಸುಪಾಸಿನ ಮಾತು. ಹುಬ್ಬಳ್ಳಿ ಬಸ್ಸಿಗೆ ಮಧ್ಯಾಹ್ನ ಬರುವ ಇಂಗ್ಲಿಷ್ ಪೇಪರಿನಲ್ಲಿ ಅವರಿಗೆ ಬೇಕಾದದ್ದು ಪದಬಂಧ ಒಂದೇ. ಮೊದಲ ಪುಟದಲ್ಲಿ ದೇಶ ಮುಳುಗಿದ ಸುದ್ದಿ ಇದ್ದರೂ ಅದನ್ನು ಮಡಿಚಿ ಅತ್ತ ಹಾಕಿ, ಕಪ್ಪು ಬಿಳಿ ಚೌಕಗಳ ಮುಂದೆ ಪೆನ್ನು ಹಿಡಿದು ಕೂತುಬಿಡುತ್ತಿದ್ದರು. ನಾನು ಆ ಮನೆಯಲ್ಲಿ ಇದ್ದದ್ದು ಅವರಿಗೆ ಶಬ್ದ ಹುಡುಕಿಕೊಡಲಿಕ್ಕೆ.

ನಾನು ಕೆರೂರಿನವಳು. ಒಂಬತ್ತನೆಯ ಇಯತ್ತೆ ಮುಗಿಯುತ್ತಲೇ ಮದುವೆಯಾಯಿತು. ಕನ್ಯೆ ನೋಡಲು ಬಂದಾಗ ಇವರೇ ನಮ್ಮಪ್ಪನ ಮುಂದೆ, "ಆಕಿ ಮನ್ಯಾಗ ಕುಂತು ಓದಲಿ. ಹತ್ತನೇದರ ಪರೀಕ್ಷಾ ನಾ ಕಟ್ಟಸ್ತೇನ್ರಿ" ಎಂದಿದ್ದರು. ಆ ಮಾತಿಗೇ ನಾನು ಹೂಂ ಅಂದದ್ದು. ಮದುವೆಯಾಗಿ ಬಂದ ಮೇಲೆ ಕೈಗೆ ಸಿಕ್ಕದ್ದು ಒಂದು ದಪ್ಪ ನಿಘಂಟು, ಏಳು ಖಾಲಿ ನೋಟ್‌ಬುಕ್. ನಿಘಂಟಿನಿಂದ ಶಬ್ದ ಹೆಕ್ಕಿ, ನಾಲ್ಕು ಅಕ್ಷರದವನ್ನು ಒಂದರಲ್ಲಿ, ಐದರವನ್ನು ಇನ್ನೊಂದರಲ್ಲಿ, ಹೀಗೆ ಹತ್ತರ ತನಕ ಬರೆಯಬೇಕು. ಅರ್ಥ ಬರೆಯುವ ಹಾಗಿಲ್ಲ, ಜಾಗ ದಂಡವಂತೆ.

ಅವರು ಹೇಳಿದಂತೆ ಮೊದಲ ಅಕ್ಷರ ಹಿಡಿದು ಬರೆದೆ. ಬರೆದಾದ ಮೇಲೆ ಅವರಿಗೆ ಹೊಳೆಯಿತು, ಚೌಕದಲ್ಲಿ ಸಿಗುವುದು ಬಹಳ ಸಲ ನಡುವಿನ ಅಕ್ಷರ ಎಂದು. ನಾನೇ ತಲೆ ಓಡಿಸಿ ಮೂರನೆಯ ಅಕ್ಷರದ ಪ್ರಕಾರ ಎಲ್ಲವನ್ನೂ ಮತ್ತೆ ಬರೆದೆ. "ಯಾರು ಹೇಳಿದ್ರು ನಿನಗ ಈ ಉಸಾಬರಿ?" ಎಂದು ರೇಗಿದವರು, ವಾರ ಕಳೆಯುವುದರೊಳಗೆ ಅದು ತಮ್ಮದೇ ಪದ್ಧತಿ ಎಂದು ಜೊತೆಯ ಮಾಸ್ತರರಿಗೆ ಹೇಳಿಕೊಂಡು ತಿರುಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಮೂರನೆಯ ವರ್ಷ, ನನ್ನ ಕಾಟ ತಾಳಲಾರದೆ, ಹೊರಗಿನಿಂದ ಪರೀಕ್ಷೆ ಕಟ್ಟುವವರ ಫಾರ್ಮು ತಂದರು. ತುಂಬಿ ಸಹಿ ಮಾಡಿಕೊಟ್ಟೆ. ಹೆಡ್‌ಮಾಸ್ತರರ ಸಹಿ ಮಾಡಿಸಿ ಕೊನೆಯ ತಾರೀಖಿನೊಳಗೆ ಆಫೀಸಿಗೆ ಮುಟ್ಟಿಸುವುದು ಅವರ ಕೆಲಸ. ಎರಡು ದಿನ ಬಿಟ್ಟು, "ಫಾರ್ಮ್ ಕೊಟ್ರೇನ್ರಿ?" ಎಂದು ಕೇಳಿದೆ. ಮತ್ತೊಂದು ವಾರಕ್ಕೆ ಇನ್ನೊಮ್ಮೆ ಕೇಳಿದೆ.

"ಕೊಟ್ಟೇನಿ ಅಂದ್ನೆಲ್ಲ. ಎಷ್ಟ್ ಸಲ ಕೇಳ್ತಿ?" ಎಂದರು, ತಲೆ ಎತ್ತದೆ. ನಾನು ನಂಬಿ, ಒಲೆಯ ಮುಂದೆ ಪುಸ್ತಕ ಇಟ್ಟುಕೊಂಡು ಭೂಗೋಳ ಉರುಹೊಡೆಯತೊಡಗಿದೆ.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಿಂದ ಕೂಗು ಬಂತು. "ಕೇಳಿಲ್ಲಿ. ಏಳು ಅಕ್ಷರ, ಮೂರನೇದು ಟಿ, ಕಡೀದು ಎನ್."

ನನಗೆ ಆಗ ನೋಟ್‌ಬುಕ್ಕೂ ಬೇಕಾಗಿರಲಿಲ್ಲ. "ಕಿಚನ್. ಪ್ಯಾಟರ್ನ್. ಬಿಟರ್ನ್."

"ಬಿಟರ್ನ್. ಚೌಕದಾಗ ಸರಿ ಕುಂತ್ತು ನೋಡು."

"ಹಂಗಂದ್ರ ಏನ್ರಿ?"

"ಕುಂತ್ತಲ್ಲ, ಮತ್ತೇನ್ ಬೇಕು ನಿನಗ?"

ಮರುದಿನ ಅವರು ಶಾಲೆಗೆ ಹೋದ ಮೇಲೆ, ನಾನೇ ನೋಡಿಕೊಳ್ಳುತ್ತೇನೆ ಎಂದು ನಿಘಂಟು ಇಳಿಸಿದೆ. ನೋಟ್‌ಬುಕ್ಕುಗಳು ತಯಾರಾದ ಮೇಲೆ ಅದನ್ನು ಯಾರೂ ಓದುತ್ತಿರಲಿಲ್ಲ. ಬಿ ಅಕ್ಷರದ ಹತ್ತಿರ ತೆರೆದರೆ ನನ್ನ ಫಾರ್ಮು. ಒಂದು ಮಡಿಕೆಯೂ ಬಿದ್ದಿರಲಿಲ್ಲ. ನನ್ನ ಸಹಿ ಇತ್ತು, ಹೆಡ್‌ಮಾಸ್ತರರ ಸಹಿಯ ಜಾಗ ಖಾಲಿ. ಕೊನೆಯ ತಾರೀಖು ಮುಗಿದು ಎಂಟು ದಿನವಾಗಿತ್ತು. ಬಿಟರ್ನ್ ಎಂದರೆ ಜವುಗಿನಲ್ಲಿ ಇರುವ ಕೊಕ್ಕರೆ ಜಾತಿಯ ಹಕ್ಕಿ ಎಂದು ಆ ಪುಟದಲ್ಲೇ ಇತ್ತು. ಅದನ್ನೂ ಓದಿದೆ, ಆಮೇಲೆ ಕೂತು ಅತ್ತೆ.

ಸಂಜೆ ಅವರು ಪೇಪರು ಹರಡಿದ ಕೂಡಲೇ ಫಾರ್ಮನ್ನು ತಂದು ಪದಬಂಧದ ಮೇಲೆ ಇಟ್ಟೆ. ಪೆನ್ನಿನ ಮುಚ್ಚಳ ಹಾಕಿ ಫಾರ್ಮು ಎತ್ತಿಕೊಂಡರು.

"ಮುದುಡಬಾರದು ಅಂತ ಅದರಾಗ ಇಟ್ಟಿದ್ದೆ. ಕೊಟ್ಟೇನಿ ಅಂತನ ತಿಳಕೊಂಡಿದ್ದೆ," ಎಂದರು. ಆಮೇಲೆ, "ಹೋಗಲಿ ಬಿಡು, ಮುಂದಿನ ವರ್ಷ ಕಟ್ಟಿದ್ರಾತು."

ಮುಂದಿನ ವರ್ಷ ಅವರ ಕೈಗೆ ಏನೂ ಕೊಡಲಿಲ್ಲ. ಸೆರಗು ಹೊದ್ದುಕೊಂಡು ನಾನೇ ಶಾಲೆಗೆ ಹೋಗಿ ಹೆಡ್‌ಮಾಸ್ತರರ ಸಹಿ ಮಾಡಿಸಿ ಫಾರ್ಮು ಕೊಟ್ಟು ಬಂದೆ. ಅದೇ ಶಾಲೆಯ ಸ್ಟಾಫ್ ರೂಮಿನಲ್ಲಿ ಅವರು ಕೂತಿದ್ದರು. ನಾನು ಅತ್ತ ನೋಡಲಿಲ್ಲ.

ಪಾಸಾದೆ. ಉಳಿದ ವಿಷಯಗಳಲ್ಲಿ ಚೆನ್ನಾಗಿ ಬಂದಿತ್ತು, ಇಂಗ್ಲಿಷಿನಲ್ಲಿ ಮಾತ್ರ ಹೇಗೋ ದಡ ಮುಟ್ಟಿದ್ದೆ. ಅವರು ಗುಣಪಟ್ಟಿ ಕೈಯಲ್ಲಿ ಹಿಡಿದು, "ಏಳು ನೋಟ್‌ಬುಕ್ ಇಂಗ್ಲಿಷ್ ಬರದಾಕಿ ನೀ. ಇಷ್ಟ ಮಾರ್ಕ್ಸ್ ಬಿದ್ದಾವ?" ಎಂದರು.

"ನೀವು ಅಕ್ಷರ ಕೇಳಿದ್ರಿ, ನಾ ಹೇಳಿದೆ," ಎಂದೆ. "ಅರ್ಥ ನಾ ಕೇಳಿದಾಗ ನೀವೇನ್ ಹೇಳಿದ್ರಿ?"

ಇಂಗ್ಲಿಷ್ ಮಾಸ್ತರರು ಗುಣಪಟ್ಟಿಯನ್ನು ನನ್ನ ಕೈಗಿಟ್ಟು ಪೇಪರು ಹರಡಿದರು.