ಒಂದು ಪಾವು ಶೇಂಗಾ

ಹೋದ ವಾರ ಕೊಪ್ಪಳದ ನಮ್ಮ ಮನೆಯ ಅಂಗಳದಲ್ಲಿ ಮಗಳು ಹೊಸ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಬಿಸಿಲಿಗೆ ಕಾದ ಹುಣಸೆಯ ಹುಳಿವಾಸನೆ ಒಳಗಿನ ಕೋಣೆಯವರೆಗೂ ಬಂತು. ತೆಗೆದ ಬೀಜಗಳನ್ನು ಆಕೆ ಕಸದ ಪುಟ್ಟಿಗೆ ಹಾಕುವುದನ್ನು ಕಂಡು, "ಚೆಲ್ಲಬ್ಯಾಡ, ನಲವತ್ತು ಎಣಿಸಿ ಈ ಕಡೆ ಕೊಡು" ಎಂದುಬಿಟ್ಟೆ. "ನಲವತ್ತ ಯಾಕವ್ವಾ?" ಎಂದಳು. ಹೇಳಲು ಕೂತರೆ ಬಹಳ ಹಿಂದೆ ಹೋಗಬೇಕು... ಕುಷ್ಟಗಿಗೆ, ನಿಜಾಮರ ಕಾಲಕ್ಕೆ, ಉಸ್ತಾನಿಯವರ ಪಡಸಾಲೆಗೆ.

ಉಸ್ತಾನಿ ಎಂದರೆ ಶಿಕ್ಷಕಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಉರ್ದು ಕಲಿಸಲು ಬಂದಿದ್ದ ಅವರನ್ನು ಓಣಿಯೆಲ್ಲ ಹಾಗೆಯೇ ಕರೆಯುತ್ತಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಎತ್ತರದ ಹೆಂಗಸು, ದನಿ ಮಾತ್ರ ಬಹಳ ಸಣ್ಣದು. ಅವರ ಮಾತು ಕೇಳಬೇಕೆಂದರೆ ಉಳಿದವರು ಸುಮ್ಮನಾಗಲೇಬೇಕಿತ್ತು. ದೊಡ್ಡ ಯುದ್ಧ ನಡೆದಿದ್ದ ವರ್ಷಗಳವು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ನನ್ನವರು ತಹಸೀಲ ಕಚೇರಿಯಲ್ಲಿ ಗುಮಾಸ್ತರು.

ಆಗ ಶಾಲೆ, ಕಚೇರಿಗಳಿಗೆ ರಜೆ ಶುಕ್ರವಾರ. ಅಂದು ಮಧ್ಯಾಹ್ನ ಊಟವಾದ ಮೇಲೆ ಉಸ್ತಾನಿಯವರ ಮನೆಯಲ್ಲಿ ನಾವು ಆರು ಜನ ಸೇರಿ ಇಸ್ಪೀಟು ಆಡುತ್ತಿದ್ದೆವು. ಉಸ್ತಾನಿ, ನಾನು, ಊರಗೌಡರ ಹೆಂಡತಿ, ಕಂಬಳಿಗೆ ಉಣ್ಣೆ ನೂಲುವ ಒಬ್ಬಾಕೆ, ದರ್ಜಿಯ ಹೆಂಡತಿ, ಗಾಣದವನ ಹೆಂಡತಿ. ಆಟ ಮೂರೆಲೆಯದು. ಕೈಗೆ ಮೂರು ಎಲೆ ಬರುತ್ತವೆ. ಎಲೆ ದೊಡ್ಡವಿದ್ದರೆ ಪಣ ಏರಿಸಬೇಕು, ಇಲ್ಲದಿದ್ದರೆ ಇದ್ದ ಹಾಗೆ ಮುಖ ಮಾಡಬೇಕು. ಆ ಮುಖ ಮಾಡುವುದರಲ್ಲಿ ಉಣ್ಣೆ ನೂಲುವಾಕೆಯನ್ನು ಮೀರಿಸಿದವರಿಲ್ಲ. ಕೈಯಲ್ಲಿ ಏನೂ ಇಲ್ಲದೆ, ಮೂರು ರಾಜರಿದ್ದವಳ ಹಾಗೆ ಕೂತಿರುತ್ತಿದ್ದಳು.

ಮೊದಲು ಸುಮ್ಮನೆ ಆಡುತ್ತಿದ್ದೆವು. ಏನೂ ಇಡದೆ ಆಡಿದರೆ ಹೆದರಿಕೆಯಿಲ್ಲ, ಹೆದರಿಕೆಯಿಲ್ಲದ ಮೂರೆಲೆ ಸಪ್ಪೆ. ಏನಾದರೂ ಇಡೋಣ ಎಂದು ಎಲ್ಲರೂ ಅಂದೆವು. ಎಷ್ಟು ಎಂಬುದಕ್ಕೆ ಉಸ್ತಾನಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಅಡುಗೆಮನೆಗೆ ಕರೆದರು. ನನ್ನ ಸರದಿ ಬಂದಾಗ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಮನ್ಯಾಗ ಯಾರನ್ನೂ ಕೇಳದ ನೀ ಎಷ್ಟು ಶೇಂಗಾ ತರಬಹುದು ತಂಗಿ? ಸೋತ್ರೂ ಹೊಟ್ಟಿ ಉರೀಬಾರದು, ಅಷ್ಟು ಹೇಳು."

ನಾನು ಜಂಬದಿಂದ "ಒಂದು ಸೇರು" ಎಂದೆ. ನಮ್ಮ ಮನೆಯ ಉಗ್ರಾಣದ ಕೀಲಿ ಅತ್ತೆಯ ಸೊಂಟದಲ್ಲಿತ್ತು. ಉಸ್ತಾನಿಗೆ ಅದು ಗೊತ್ತಿತ್ತೋ ಏನೋ, ಸ್ವಲ್ಪ ನಕ್ಕರು. ಐವರನ್ನೂ ಕೇಳಿಯಾದ ಮೇಲೆ ಹೊರಗೆ ಬಂದು, "ವಾರಕ್ಕ ಒಂದು ಪಾವು" ಎಂದರು. ಎಲ್ಲಕ್ಕಿಂತ ಕಡಿಮೆ ಹೇಳಿದವರ ಮಾತೇ ನಿಂತಿತ್ತು. ಹೇಳಿದವರು ಯಾರೆಂದು ಅವರು ಬಾಯಿ ಬಿಡಲಿಲ್ಲ. ನಾವೆಲ್ಲ ಉಣ್ಣೆ ನೂಲುವಾಕೆಯೇ ಎಂದುಕೊಂಡು ಆಕೆಯ ಮುಖ ನೋಡದಂತೆ ಕೂತೆವು.

ಒಂದು ಪಾವು ಶೇಂಗಾಕ್ಕೆ ನಲವತ್ತು ಹುಣಸೆ ಬೀಜ. ಬೀಜ ಇಟ್ಟೇ ಆಟ. ಎಲ್ಲ ಕಳೆದುಕೊಂಡವರು ಆ ದಿನಕ್ಕೆ ಎದ್ದು ಚಹಾ ಕಾಸಬೇಕು. ಮತ್ತೆ ಬೀಜ ಕೊಳ್ಳುವಂತಿಲ್ಲ. ಆಟ ಮುಗಿದಾಗ ಯಾರ ಮುಂದೆ ಎಷ್ಟು ಬೀಜ ಉಳಿದಿವೆ ಎಂದು ಪಾಟಿಯ ಮೇಲೆ ಬರೆಯುತ್ತಿದ್ದರು. ನಾಲ್ಕು ಶುಕ್ರವಾರವಾದ ಮೇಲೆ ಕೂಡಿದ ಶೇಂಗಾ ಗಾಣಕ್ಕೆ ಹೋಗುತ್ತಿತ್ತು. ಕೂಲಿಯಾಗಿ ಹಿಂಡಿ ಗಾಣದವನಿಗೆ, ಎಣ್ಣೆ ನಮಗೆ. ಗೆದ್ದವಳಿಗೆ ಅರ್ಧ, ಎರಡನೆಯವಳಿಗೆ ಕಾಲು, ಇನ್ನೊಂದು ಕಾಲು ಉಳಿದ ನಾಲ್ವರಿಗೂ ಸಮನಾಗಿ. ಸೋತವರಿಗೂ ಯಾಕೆ ಎಂದು ದರ್ಜಿಯ ಹೆಂಡತಿ ಕೇಳಿದ್ದಳು.

"ಖಾಲಿ ತಂಬಿಗಿ ಹಿಡಕೊಂಡು ಹೋದಾಕಿನ್ನ ಮುಂದಿನ ಶುಕ್ರವಾರ ಮನ್ಯಾಗ ಬಿಡ್ತಾರೇನು?" ಎಂದರು ಉಸ್ತಾನಿ.

ಮೊದಲ ಸಲ ಗೆದ್ದವಳು ಉಣ್ಣೆ ನೂಲುವಾಕೆ. ತುಂಬಿದ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಓಣಿಯ ನಟ್ಟನಡುವೆ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಹೋದಳು.

ಎರಡನೆಯ ತಿಂಗಳು ಕಿರಿಕಿರಿ ಹತ್ತಿತು. ಗೌಡತಿಗೆ ಎಲೆ ಬರಲಿಲ್ಲ. ಆಟ ಹತ್ತುವುದರೊಳಗೆ ನಲವತ್ತೂ ಹೋದವು. ಆಕೆ ಬೆರಳಿನ ಬೆಳ್ಳಿ ಉಂಗುರ ತೆಗೆದು ಚಾಪೆಯ ಮೇಲಿಟ್ಟು ಇನ್ನೂ ಬೀಜ ಕೇಳಿದಳು.

"ಎರಡನೇ ಸಲ ಕೊಡೂದಿಲ್ರಿ" ಎಂದರು ಉಸ್ತಾನಿ.

"ನನ್ನ ಉಂಗರ. ತವರುಮನಿಯವರು ಕೊಟ್ಟದ್ದು. ನಾ ಇಡ್ತೀನಿ."

"ಉಂಗರ ಇದ್ದವರು ಇಡ್ತೀರಿ. ಇಲ್ಲದಾಕಿ ಏನ ಇಡಬೇಕು? ಆಕಿ ಎಷ್ಟು ಗೆದ್ರೂ ನೀವು ಮುಗಿಯೂದ ಇಲ್ಲ. ಅದು ಆಟ ಅಲ್ರಿ."

ಗೌಡತಿ ಉಂಗುರ ತೊಟ್ಟುಕೊಂಡು ಎದ್ದು ಹೋದಳು. ಚಹಾ ಕಾಸಲಿಲ್ಲ.

ತಿಂಗಳೊಳಗೆ ಗೌಡರ ಅರ್ಜಿ ಮೇಲೆ ಹೋಗಿತ್ತು. ಉಸ್ತಾನಿ ಜೂಜಿನ ಅಡ್ಡೆ ನಡೆಸುತ್ತಾಳೆ, ಬಡ ಹೆಂಗಸರನ್ನು ಹಾಳು ಮಾಡುತ್ತಾಳೆ ಎಂದು. ಅಷ್ಟರಲ್ಲಿ ಉಸ್ತಾನಿಯ ಬಳಗದ ಹಿರಿಯರೊಬ್ಬರೂ ಬಂದು ಜೂಜು ಪಾಪವೆಂದು ಹೇಳಿಹೋದರು. "ಜೂಜು ಮಂದಿ ಒಲಿ ಆರಸ್ತೈತಿ. ನಮ್ಮಾಗ ಯಾರ ಒಲಿ ಆರೈತಿ, ತೋರಸ್ರಿ" ಎಂದು ಉಸ್ತಾನಿ ಕೇಳಿದರು.

ವಿಚಾರಣೆಗೆ ಒಬ್ಬ ಸಾಹೇಬರು ಬಂದರು, ಅದೂ ರಜೆಯೆನ್ನದೆ, ಆಟದ ದಿನವಾದ ಶುಕ್ರವಾರವೇ. ಉಸ್ತಾನಿಯವರ ಮನೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಹೇಳಿಕೆ ಬರೆದುಕೊಳ್ಳಲು ಕಚೇರಿಯಿಂದ ಬಂದ ಗುಮಾಸ್ತರು ನನ್ನವರೇ. ಅಲ್ಲಿಗೆ ಹೋಗಬೇಡ ಎಂದು ಅವರು ಮುಂಜಾನೆಯೇ ನನಗೆ ಹೇಳಿದ್ದರು. ನಾನು ಉಳಿದ ಮೂವರೊಡನೆ ಒಳಗೆ ಪರದೆಯ ಹಿಂದೆ ಕೂತಿದ್ದೆ.

ಸಾಹೇಬರು ಉರ್ದುವಿನಲ್ಲಿ ಕೇಳಿದರು. ಉಸ್ತಾನಿ ಬಾಗಿಲಲ್ಲಿ ನಿಂತು, ಒಳಗಿದ್ದ ನಮಗೂ ತಿಳಿಯಲೆಂದು, ಕನ್ನಡದಲ್ಲಿ ಉತ್ತರಿಸಿದರು. ಜೂಜಾಡಿದ್ದು ತಪ್ಪಾಯಿತು, ಇನ್ನು ಆಡುವುದಿಲ್ಲ ಎಂದು ಬರೆದ ಮುಚ್ಚಳಿಕೆಯನ್ನು ಸಾಹೇಬರು ಮುಂದೆ ಇಟ್ಟರು.

"ಶೇಂಗಾ ಇಟ್ಟು ಆಡಿದ್ಲು ಅಂತ ಬರೀರಿ, ಸಹಿ ಮಾಡ್ತೀನಿ. ಜೂಜು ಅಂತ ಬರದ್ರ ಮಾಡೂದಿಲ್ಲ. ಸಾಹೇಬ್ರ ಕ್ಲಬ್ಬಿನ್ಯಾಗ ಇಡೂದು ಶೇಂಗಾ ಅಲ್ಲಂತ ಕೇಳೀನಿ."

ನನ್ನವರ ಲೇಖನಿ ನಿಂತಿತು. ಸಾಹೇಬರ ಮುಖ ಬಿಗಿಯಿತು. ನೌಕರಿ ಹೋಗುತ್ತದೆ ಎಂದರು. ಅರ್ಜಿ ನೋಡಿ, ಒಂದು ಪಾವಿಗಿಂತ ಹೆಚ್ಚು ತರಲಾಗದೆ ಆ ಲೆಕ್ಕ ಗೊತ್ತು ಮಾಡಿಸಿದ ಬಡ ಹೆಂಗಸು ಯಾರು, ಆಕೆಯ ಹೆಸರು ಹೇಳು ಎಂದರು.

"ಅದು ನಂದ ಲೆಕ್ಕ" ಎಂದರು ಉಸ್ತಾನಿ. ಎಷ್ಟು ಕೇಳಿದರೂ ಅಷ್ಟೇ.

ಆಗ ಉಣ್ಣೆ ನೂಲುವಾಕೆ ಪರದೆ ಸರಿಸಿ ಹೊರಗೆ ಹೋದಳು. "ನಾನೂ ಒಂದು ಪಾವು ಇಟ್ಟೀನ್ರಿ. ಒಂದು ತಂಬಿಗಿ ಎಣ್ಣಿ ಒಯ್ದೀನಿ. ಹಾಳಾಗಿಲ್ಲ. ನನ್ನ ಹೆಸರೂ ಬರಕೋರಿ" ಎಂದಳು.

ನಾನೂ ಎದ್ದು ಹೊರಗೆ ಹೋದೆ. ನನ್ನ ಹೆಸರನ್ನೂ ಬರೆಯಿರಿ ಎಂದೆ. ಈಕೆ ಯಾರು ಎಂದು ಸಾಹೇಬರು ಗುಮಾಸ್ತರನ್ನು ಕೇಳಿದರು. ಅವರು ತಲೆ ಎತ್ತದೆ, "ನಮ್ಮ ಮನ್ಯಾಗಿನವರು ರೀ" ಎಂದರು. ಹಾಗೆಂದು ನನ್ನ ಹೆಸರು ಬರೆದುಕೊಂಡರು. ಎಂಟು ದಿನ ನನ್ನ ಕೂಡ ಮಾತಾಡಲಿಲ್ಲ. ಆಡದಿದ್ದರೆ ಬೇಡ ಎಂದು ನಾನೂ ಸುಮ್ಮನಿದ್ದೆ.

ಮುಚ್ಚಳಿಕೆಗೆ ಸಹಿ ಬೀಳಲಿಲ್ಲ. ಉಸ್ತಾನಿಯವರ ನೌಕರಿ ಹೋಗಲಿಲ್ಲ; ಯಲಬುರ್ಗಾಕ್ಕೆ ವರ್ಗವಾಯಿತು. ಗಾಡಿ ಹತ್ತುವಾಗ ಬೀಜದ ಡಬ್ಬಿಯನ್ನು ಉಣ್ಣೆ ನೂಲುವಾಕೆಯ ಕೈಗೆ ಕೊಟ್ಟು, "ನಲವತ್ತಂದ್ರ ನಲವತ್ತ. ನಾ ಇಲ್ಲಂತ ಐವತ್ತು ಮಾಡಬ್ಯಾಡ್ರಿ" ಎಂದರು. ಅಳುತ್ತಿದ್ದ ನಾವು ನಕ್ಕುಬಿಟ್ಟೆವು.

ನಾವು ನಿಲ್ಲಿಸಲಿಲ್ಲ. ಉಣ್ಣೆ ನೂಲುವಾಕೆಯ ಅಂಗಳದಲ್ಲಿ, ಹಾಡುಹಗಲು, ಬೀದಿಗೆ ಕಾಣುವಂತೆ ನಾಲ್ವರೇ ಆಡಿದೆವು. ಎರಡು ತಿಂಗಳು ಕಳೆದಿರಬೇಕು... ಒಂದು ಶುಕ್ರವಾರ ಗೌಡತಿ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಪಾವು ಶೇಂಗಾ ಸುರಿದಳು. ನಾವು ಕೇಳುವ ಮೊದಲೇ ಆಕೆ ಹೇಳಿದಳು.

"ಒಂದು ಪಾವು ಅಂದಾಕಿ ನಾನ. ನಮ್ಮ ಮನ್ಯಾಗ ಒಂದೊಂದು ಸೇರೂ ಅಳೀತಾರ. ಸಿಟ್ಟಿನ್ಯಾಗ ಒಂದು ಮಾತು ಅಂದ್ನಿ, ಅವರು ಅರ್ಜಿನ ಬರದ್ರು. ಸಾಹೇಬನ ಮುಂದ ಉಸ್ತಾನಿ ನನ್ನ ಹೆಸರು ಹೇಳಿದ್ರ, ಅರ್ಜಿ ಹಾಕಿದವ್ರ ಹೆಂಡ್ತೀನ ಆಡಿದ್ಲು ಅಂತ ಅವತ್ತ ಅರ್ಜಿ ಹರದು ಹೋಗ್ತಿತ್ತು."

ಉಣ್ಣೆ ನೂಲುವಾಕೆ ನಲವತ್ತು ಬೀಜ ಎಣಿಸಿ ಆಕೆಯ ಮುಂದೆ ಇಟ್ಟಳು. ಅಂದು ಮೊದಲು ಸೋತವಳು ನಾನು. ಚಹಾ ಕಾಸುತ್ತ, ಒಲೆಯ ಹೊಗೆಯ ನೆಪದಲ್ಲಿ, ಕಣ್ಣು ಒರೆಸಿಕೊಂಡೆ.

ನಿಜಾಮರ ರಾಜ್ಯ ಹೋಯಿತು, ರಜೆ ಭಾನುವಾರಕ್ಕೆ ಬಂತು. ಯಲಬುರ್ಗಾ ದೂರವೇನಲ್ಲ. ಇಂದು ನಾಳೆ ಎನ್ನುತ್ತ ಮಕ್ಕಳು, ಮನೆ, ವರ್ಗಾವಣೆಗಳ ನಡುವೆ ವರ್ಷಗಳೇ ಹೋದವು. ಕೊನೆಗೊಮ್ಮೆ ಬಸ್ಸು ಹಿಡಿದು ಹೋಗಿ ವಿಚಾರಿಸಿದೆ. ಉಸ್ತಾನಿ ತೀರಿಕೊಂಡು ಎರಡು ವರ್ಷವಾಗಿತ್ತು. ನೆರೆಮನೆಯಾಕೆ, "ರಜಾ ಇದ್ದ ದಿನ ಅವರ ಮನ್ಯಾಗ ನಾವೊಂದಿಷ್ಟು ಮಂದಿ ಕೂಡ್ತಿದ್ವಿ..." ಎಂದವಳು, ನಾನು ಯಾವ ಕಚೇರಿಯಿಂದ ಬಂದವಳೋ ಎಂದು ತಟ್ಟನೆ ಬಾಯಿ ಮುಚ್ಚಿಕೊಂಡಳು. "ನಾನೂ ಒಂದು ಪಾವು ಇಟ್ಟಾಕಿನ" ಎಂದೆ. ಆಕೆ ನನ್ನ ಕೈ ಹಿಡಿದು ಒಳಗೆ ಕರೆದಳು.

ಆ ಆರು ಜನರಲ್ಲಿ ಈಗ ಉಳಿದವಳು ನಾನೊಬ್ಬಳೇ. ಗೌಡತಿ ತಿರುಗಿ ಬಂದ ಸುದ್ದಿ, ಆಕೆ ತಾನಾಗಿ ಹೇಳಿದ ಮಾತು, ಉಸ್ತಾನಿಗೆ ಮುಟ್ಟಲೇ ಇಲ್ಲ. ಒಂದು ಕಾಗದ ಬರೆದಿದ್ದರೆ ಮುಟ್ಟುತ್ತಿತ್ತು. ಬರೆಯಲಿಲ್ಲ, ಆ ತಪ್ಪು ನನ್ನದು, ಅದನ್ನು ಒಪ್ಪಿಕೊಳ್ಳುತ್ತೇನೆ. ಜೂಜಾಡಿದೆವೆಂದು ಮಾತ್ರ ಯಾರು ಬಂದು ಕೇಳಿದರೂ ನಾನು ಒಪ್ಪುವವಳಲ್ಲ.